ನೀರಿಲ್ಲದ ಕಡಲು

ನೀರು ತನ್ನನ್ನು ಹಿಡಿದ ಪಾತ್ರೆಯ ಆಕಾರವನ್ನೇ ತಾಳುತ್ತದೆಂದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿದ್ದೇವಷ್ಟೆ. ಹಾಗಾದರೆ ಪಾತ್ರೆಯೂ ಇಲ್ಲದ, ನೀರೂ ಇಲ್ಲದ ಕಡೆಯಲ್ಲಿ ನೀರಿಗೆ ಆಕಾರವನ್ನು ಕೊಡುವವರು ಯಾರು? ಇದು ಒಗಟಲ್ಲ. ಬೆಳ್ಳಿತೆರೆಯ ಮೇಲೆ ಹಡಗನ್ನು ನುಂಗುವ ಕಡಲು, ಊರನ್ನು ಕೊಚ್ಚಿಕೊಂಡು ಹೋಗುವ ಪ್ರವಾಹ, ಜಾಹೀರಾತಿನಲ್ಲಿ ಲೋಟದೊಳಕ್ಕೆ ಸುರುಳಿಯಾಗಿ ಇಳಿಯುವ ಹಾಲು, ಇವುಗಳಲ್ಲಿ ಎಷ್ಟೋ ಇಂದು ಒಂದು ತೊಟ್ಟು ದ್ರವವನ್ನೂ ಕಾಣದೆ ಕಂಪ್ಯೂಟರಿನಲ್ಲಿ ಹುಟ್ಟಿದಂಥವು. ಈ ಕೆಲಸವನ್ನೇ ಉದ್ಯೋಗವಾಗಿ ಹಿಡಿದ ತರುಣ ತರುಣಿಯರು ಮುಂಬಯಿ, ಹೈದರಾಬಾದು, ಚೆನ್ನೈಗಳಲ್ಲಿ ಇದ್ದಾರೆ. ಅವರಲ್ಲಿ ನಮ್ಮವರ ಮಕ್ಕಳೂ ಉಂಟು. “ರಾತ್ರಿಯೆಲ್ಲ ಕುಳಿತು ನೀರು ನೋಡುವುದಕ್ಕೂ ಸಂಬಳ ಕೊಡುತ್ತಾರಂತೆ!” ಎಂದು ಮನೆಯ ಹಿರಿಯರು ಬೆರಗಾಗುವುದು ಸಹಜವೇ. ಆ ಕೆಲಸವೆಂದರೆ ಏನು, ಅದರಲ್ಲಿ ವಿದ್ಯೆ ಎಷ್ಟು, ಶ್ರಮವೆಷ್ಟು ಎಂಬುದನ್ನು ತಿಳಿಯಹೇಳುವುದು ಈ ಲೇಖನದ ಉದ್ದೇಶ.

ಆಲೆಮನೆಯ ಕ್ರಮ

ಮಂಡ್ಯದ ಕಡೆಯವರಿಗೆ ಆಲೆಮನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಣವು ಕಬ್ಬನ್ನು ಅರೆಯುತ್ತದೆ, ಹಾಲು ಕೊಪ್ಪರಿಗೆಗೆ ಹೋಗುತ್ತದೆ, ಕುದಿದು ಪಾಕವಾಗುತ್ತದೆ, ಪಾಕವು ಅಚ್ಚಿಗೆ ಬಿದ್ದು ಬೆಲ್ಲವಾಗುತ್ತದೆ. ಒಂದೊಂದು ಕಡೆ ಒಂದೊಂದೇ ಕೆಲಸ. ಒಂದರ ಫಲ ಮತ್ತೊಂದಕ್ಕೆ ಮೊದಲು. ಚಲಚ್ಚಿತ್ರದ ಮಾಯಾದೃಶ್ಯಗಳನ್ನು ಹೆಣೆಯುವ ‘ನೋಡ್’ ಪದ್ಧತಿಯ ಸಾಫ್ಟ್‌ವೇರ್ ನಡೆಯುವುದೂ ಹೀಗೆಯೇ. ಪರದೆಯ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳು. ಅವುಗಳ ನಡುವೆ ಎಳೆದ ತಂತಿಗಳು. ಒಂದು ಪೆಟ್ಟಿಗೆ ನೀರನ್ನು ಹುಟ್ಟಿಸುತ್ತದೆ, ಮತ್ತೊಂದು ಅದನ್ನು ಹರಿಸುತ್ತದೆ, ಇನ್ನೊಂದು ಅದಕ್ಕೆ ಮೈಯನ್ನು ಕೊಡುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬೆಲ್ಲ ಕೆಟ್ಟರೆ ಮರಳಿ ಗಾಣಕ್ಕೆ ಹೋಗುವಂತಿಲ್ಲ. ಇಲ್ಲಿ ಯಾವ ಪೆಟ್ಟಿಗೆಯನ್ನಾದರೂ ತಿದ್ದಬಹುದು, ಅದರಿಂದ ಮುಂದಿನ ಕೆಲಸವನ್ನೆಲ್ಲ ಯಂತ್ರವೇ ಹೊಸದಾಗಿ ಮಾಡಿಕೊಡುತ್ತದೆ.

ಈ ಬಗೆಯ ಸಾಧನಗಳಲ್ಲಿ ಹೆಸರಾದುದು ಕೆನಡಾದ ಟೊರಾಂಟೊ ನಗರದ ಸೈಡ್‌ಎಫ್ಎಕ್ಸ್ ಸಂಸ್ಥೆಯ ‘ಹೌಡಿನಿ’. ೧೯೯೬ರಲ್ಲಿ ಇದು ಹೊರಬಂದಿತು; ೨೦೧೮ರಲ್ಲಿ ಆಸ್ಕರ್ ಅಕಾಡೆಮಿಯ ವಿಜ್ಞಾನ-ತಂತ್ರ ವಿಭಾಗದ ಗೌರವವನ್ನು ಪಡೆಯಿತು.

ಕಣವೂ ಚೌಕವೂ

ದ್ರವದ ಚಲನೆಗೆ ಸೂತ್ರಗಳು ಹಳೆಯವೇ. ೧೮೨೨ರಲ್ಲಿ ಫ್ರಾನ್ಸಿನ ಇಂಜಿನಿಯರ್ ನಾವಿಯೆ, ೧೮೪೫ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಸ್ಟೋಕ್ಸ್ ಅವುಗಳನ್ನು ಬರೆದಿಟ್ಟರು. ಆದರೆ ಉಕ್ಕುವ ಅಲೆಗೆ ಆ ಸೂತ್ರಗಳನ್ನು ಕಾಗದದ ಮೇಲೆ ಬಿಡಿಸಲು ಮನುಷ್ಯರಿಂದಾಗದು. ಆದುದರಿಂದ ನೀರನ್ನು ತುಂಡು ತುಂಡು ಮಾಡಿ, ಕಾಲವನ್ನೂ ತುಂಡು ತುಂಡು ಮಾಡಿ, ಯಂತ್ರದ ಕೈಗೆ ಕೊಡಬೇಕಾಯಿತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ೧೯೫೦ರ ದಶಕದಲ್ಲಿ ಫ್ರಾನ್ಸಿಸ್ ಹಾರ್ಲೊ ಎಂಬ ವಿಜ್ಞಾನಿ ಇದಕ್ಕೆ ದಾರಿ ಹಾಕಿದರು. ಅಣುಬಾಂಬು ಹುಟ್ಟಿದ ಜಾಗದಲ್ಲಿ ಹುಟ್ಟಿದ ಗಣಿತವೇ ಇಂದು ಮಕ್ಕಳ ಚಿತ್ರಗಳಲ್ಲಿ ಅಲೆ ಎಬ್ಬಿಸುತ್ತಿದೆ!

ಕ್ರಮ ಹೀಗೆ. ನೀರೆಂದರೆ ಲಕ್ಷಾಂತರ ಕಣಗಳೆಂದು ಭಾವಿಸುವುದು. ಪ್ರತಿಯೊಂದು ಕಣವೂ ತನ್ನ ವೇಗವನ್ನು ತಾನೇ ಹೊತ್ತು ಸಾಗುತ್ತದೆ. ಇವುಗಳ ಸುತ್ತ ಕಣ್ಣಿಗೆ ಕಾಣದ ಚೌಕಗಳ ಒಂದು ಗೂಡನ್ನು ಕಟ್ಟುವುದು. ಕಣಗಳು ತಮ್ಮ ವೇಗವನ್ನು ಚೌಕಗಳಿಗೆ ಒಪ್ಪಿಸುತ್ತವೆ. ಚೌಕಗಳಲ್ಲಿ ಭೂಮಿಯ ಸೆಳೆತವನ್ನು ಕೂಡಿಸಿ, ಒತ್ತಡದ ಲೆಕ್ಕ ಮಾಡುತ್ತಾರೆ. ಒತ್ತಡದ ಲೆಕ್ಕವೇಕೆ? ನೀರನ್ನು ಹಿಂಡಿ ಚಿಕ್ಕದು ಮಾಡಲಾಗುವುದಿಲ್ಲ. ಸಂಜೆಯ ಹೊತ್ತು ದಾದರಿನಲ್ಲಿ ತುಂಬಿದ ಲೋಕಲ್ ಗಾಡಿಯನ್ನು ನೆನೆಯಿರಿ: ಒಬ್ಬರು ಒಳಗೆ ನುಗ್ಗಿದರೆ ಇನ್ನೊಬ್ಬರು ಎಲ್ಲಿಯಾದರೂ ಜರುಗಲೇಬೇಕು. ನೀರಿನ ಪ್ರತಿಯೊಂದು ಚೌಕದಲ್ಲಿಯೂ ಇದೇ ನ್ಯಾಯ. ಹೀಗೆ ತಿದ್ದಿದ ವೇಗವನ್ನು ಕಣಗಳಿಗೆ ಹಿಂದಿರುಗಿಸಿದರೆ ಅವು ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಮತ್ತೆ ಅದೇ ಲೆಕ್ಕ, ಮತ್ತೊಂದು ಹೆಜ್ಜೆ.

ಹಾರ್ಲೊ ಅವರ ಮೊದಲ ಕ್ರಮದಲ್ಲಿ ಒಂದು ಕೊರತೆ ಇತ್ತು. ಕಣವು ತನ್ನ ಹಳೆಯ ವೇಗವನ್ನು ಬಿಟ್ಟು ಚೌಕದ ಸರಾಸರಿ ವೇಗವನ್ನೇ ತೆಗೆದುಕೊಳ್ಳುತ್ತಿತ್ತು. ಎಲ್ಲವೂ ಸರಾಸರಿಯಾದರೆ ಚುರುಕೆಲ್ಲಿ ಉಳಿದೀತು? ನೀರು ಪಾಕದಂತೆ ಮಂದವಾಗಿ ಹರಿಯುತ್ತಿತ್ತು. ೧೯೮೬ರಲ್ಲಿ ಬ್ರಾಕ್‌ಬಿಲ್ ಮತ್ತು ರಪ್ಪೆಲ್ ಎಂಬವರು ಇದನ್ನು ತಿದ್ದಿದರು: ಕಣವು ತನ್ನ ವೇಗವನ್ನು ತಾನೇ ಇಟ್ಟುಕೊಳ್ಳಲಿ, ಚೌಕದಲ್ಲಿ ಆದ ಬದಲಾವಣೆಯನ್ನು ಮಾತ್ರ ಅದಕ್ಕೆ ಕೂಡಿಸೋಣ ಎಂದರು. ಇದಕ್ಕೆ ‘ಫ್ಲಿಪ್’ ಎಂದು ಹೆಸರು. ೨೦೦೫ರಲ್ಲಿ ಝು ಮತ್ತು ಬ್ರಿಡ್ಸನ್ ಎಂಬವರು ಮರಳು ಹರಿಯುವುದನ್ನು ತೋರಿಸಲು ಹೊರಟು, ಈ ಕ್ರಮವನ್ನು ಚಿತ್ರಗಾರರ ಲೋಕಕ್ಕೆ ತಂದರು. ಹೌಡಿನಿಯಲ್ಲಿ ನೀರು ಹರಿಸುವವರು ಇಂದೂ ಹೆಚ್ಚಾಗಿ ನೆಚ್ಚುವುದು ಇದನ್ನೇ.

ಬಿಂದಿಗೆಯೂ ಕಡಲೂ

ಕಣಗಳು ಎಷ್ಟು ಒತ್ತಾಗಿದ್ದರೆ ನೀರು ಅಷ್ಟು ಸೊಗಸು. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನೋಡಿ. ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿಯಲ್ಲಿ ೧೦ ಸೆಂಟಿಮೀಟರಿಗೆ ಒಂದರಂತೆ ಕಣಗಳನ್ನಿಟ್ಟರೆ ೧,೦೦೦ ಕಣಗಳು. ಅಂತರವನ್ನು ಅರ್ಧ ಮಾಡಿದರೆ ಎರಡು ಪಟ್ಟಲ್ಲ, ಎಂಟು ಪಟ್ಟು: ೮,೦೦೦. ಒಂದು ಸೆಂಟಿಮೀಟರಿಗೆ ಇಳಿಸಿದರೆ ೧೦ ಲಕ್ಷ! ಆದುದರಿಂದ ಜಾಣನಾದ ಕೆಲಸಗಾರ ಮೊದಲು ಒರಟು ನೀರಿನಲ್ಲಿ ಹರಿವನ್ನು ಪರೀಕ್ಷಿಸಿ, ಎಲ್ಲವೂ ಒಪ್ಪಿಗೆಯಾದ ಮೇಲೆಯೇ ಕಣಗಳನ್ನು ಹೆಚ್ಚಿಸುತ್ತಾನೆ. ರಾತ್ರಿಯೆಲ್ಲ ಯಂತ್ರ ದುಡಿಯುವುದೂ, ಅದನ್ನು ಆಗಾಗ ನೋಡಬೇಕಾಗಿ ಬರುವುದೂ ಈ ಕಾರಣಕ್ಕೆ.

ಅಳತೆಯದು ಮತ್ತೊಂದು ಸೂಕ್ಷ್ಮ. ಒಂದು ಮೀಟರ್ ಎತ್ತರದಿಂದ ಬಿಟ್ಟ ನೀರು ಸುಮಾರು ೦.೪೫ ಸೆಕೆಂಡಿನಲ್ಲಿ ನೆಲ ಸೇರುತ್ತದೆ. ನೂರು ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಾಗ, ಸುಮಾರು ೪.೫ ಸೆಕೆಂಡು ಬೇಕು. ಎತ್ತರ ನೂರು ಪಟ್ಟಾದರೂ ಕಾಲ ಹತ್ತೇ ಪಟ್ಟು. ನೂರು ಮೀಟರಿನ ಜಲಪಾತವನ್ನು ಮಾಡಹೊರಟವನು ಅಳತೆಯ ಜಾಗದಲ್ಲಿ ಒಂದು ಮೀಟರ್ ಎಂದು ಕೊಟ್ಟರೆ ನೀರು ಪಟಪಟನೆ ಬೀಳುತ್ತದೆ. ಆಗ ಜೋಗದ ಗುಂಡಿಯೂ ಬಚ್ಚಲಿನ ನಲ್ಲಿಯಂತೆ ಕಂಡೀತು. ನೋಡುವವರಿಗೆ ಕಾರಣ ತಿಳಿಯದಿದ್ದರೂ ‘ಇದು ಆಟಿಕೆ’ ಎಂದು ಕಣ್ಣು ಥಟ್ಟನೆ ಹೇಳಿಬಿಡುತ್ತದೆ.

ಚುಕ್ಕಿಯಿಂದ ಮೈ

ಇಷ್ಟಾದರೂ ನಮ್ಮ ಕೈಯಲ್ಲಿರುವುದು ಚುಕ್ಕಿಗಳ ಗುಂಪು ಮಾತ್ರ. ಚುಕ್ಕಿಗೆ ಮೈಯಿಲ್ಲ, ಮೈಯಿಲ್ಲದ ಮೇಲೆ ಬೆಳಕು ಬಿದ್ದು ಹೊಳೆಯುವುದು ಯಾವುದರ ಮೇಲೆ? ಅಂಗಳದಲ್ಲಿ ಚುಕ್ಕಿಯಿಟ್ಟು ಅವುಗಳ ಸುತ್ತ ಗೆರೆ ಬಳಸುವ ನಮ್ಮ ತಾಯಂದಿರಿಗೆ ಈ ಸಮಸ್ಯೆ ಹೊಸದಲ್ಲ. ಇಲ್ಲಿಯೂ ಬೇಕಾದುದು ರಂಗೋಲಿಯೇ. ಆದರೆ ಉದ್ದ ಅಗಲಗಳಲ್ಲದೆ ಎತ್ತರವೂ ಉಳ್ಳ ರಂಗೋಲಿ. ಇದಕ್ಕೆ ‘ಮೆಷ್’ ಮಾಡುವುದು ಎನ್ನುತ್ತಾರೆ.

ಪ್ರತಿಯೊಂದು ಚುಕ್ಕಿಗೂ ಸಣ್ಣ ಗುಂಡಿನ ಆಕಾರ ಕೊಟ್ಟು ಒಂದರೊಡನೊಂದು ಬೆರೆಸುತ್ತಾರೆ. ಮತ್ತೆ ಚೌಕಗಳ ಗೂಡನ್ನು ಹಾಕಿ, ಪ್ರತಿಯೊಂದು ಮೂಲೆಯೂ ನೀರಿನ ಒಳಗಿದೆಯೋ ಹೊರಗಿದೆಯೋ ಎಂದು ಕೇಳುತ್ತಾರೆ. ಒಳಗಿದ್ದರೆ ಕಳೆಯುವ ಗುರುತು, ಹೊರಗಿದ್ದರೆ ಕೂಡುವ ಗುರುತು. ಎರಡರ ನಡುವೆ ಸೊನ್ನೆಯಾಗುವ ಕಡೆಯೇ ನೀರಿನ ಚರ್ಮ. ಒಂದು ಘನಕ್ಕೆ ಎಂಟು ಮೂಲೆಗಳು. ಒಳಗೆ-ಹೊರಗೆ ಎಂಬ ಲೆಕ್ಕದಲ್ಲಿ ೨೫೬ ಬಗೆ. ಘನವನ್ನು ತಿರುಗಿಸಿ, ಒಳಗು-ಹೊರಗುಗಳನ್ನು ಅದಲುಬದಲು ಮಾಡಿ ನೋಡಿದರೆ ಹದಿನೈದೇ ಮಾದರಿಗಳು. ಆ ಮಾದರಿಗಳಂತೆ ಘನದೊಳಗೆ ತ್ರಿಕೋನಗಳನ್ನು ಹೆಣೆಯುತ್ತ ಹೋದರೆ ಮೈ ಸಿದ್ಧ. ಈ ಉಪಾಯವನ್ನು ೧೯೮೭ರಲ್ಲಿ ಪ್ರಕಟಿಸಿದವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಲೊರೆನ್ಸನ್ ಮತ್ತು ಕ್ಲೈನ್. ಅವರು ಯೋಚಿಸಿದ್ದುದು ಸಿನಿಮಾಕ್ಕಾಗಿ ಅಲ್ಲ; ರೋಗಿಯ ದೇಹವನ್ನು ಸ್ಕ್ಯಾನ್ ಮಾಡಿದ ಚಿತ್ರಗಳಿಂದ ಎಲುಬಿನ, ಅಂಗಗಳ ಆಕಾರವನ್ನು ವೈದ್ಯರಿಗೆ ತೋರಿಸುವುದಕ್ಕಾಗಿ!

ಹೀಗೆ ಬಂದ ಮೈ ಮೊದಲಿಗೆ ಬೂಂದಿ ಲಾಡಿನಂತೆ ಗಂಟುಗಂಟಾಗಿರುತ್ತದೆ. ಅದನ್ನು ಕೊಂಚ ಹಿಗ್ಗಿಸಿ, ನಯಮಾಡಿ, ಮತ್ತೆ ಕುಗ್ಗಿಸಬೇಕು. ನಯ ಹೆಚ್ಚಾದರೆ ನೀರು ಮೇಣವಾಗುತ್ತದೆ, ಚಿಮ್ಮಿದ ಹನಿಗಳು ಮಾಯವಾಗುತ್ತವೆ. ಕಡಮೆಯಾದರೆ ಗಂಟು ಉಳಿಯುತ್ತದೆ. ಕಣಗಳು ವಿರಳವಾದ ಕಡೆ ತೆಳುವಾದ ಹಾಳೆ ಹರಿದು ತೂತು ಬೀಳುತ್ತದೆ. ಸೆಕೆಂಡಿಗೆ ೨೪ ಚಿತ್ರಗಳಂತೆ ಹತ್ತು ಸೆಕೆಂಡಿನ ದೃಶ್ಯಕ್ಕೆ ೨೪೦ ಮೈಗಳು. ಒಂದರಿಂದ ಮತ್ತೊಂದಕ್ಕೆ ಅವು ಹೊಂದದಿದ್ದರೆ ನೀರು ನಡುಗಿದಂತೆ ಕಾಣುತ್ತದೆ. ಈ ಹದ ಯಾವ ಸೂತ್ರದಲ್ಲಿಯೂ ಇಲ್ಲ. ಹಪ್ಪಳದ ಹಿಟ್ಟಿನ ಹದದಂತೆ ಅದು ಕೈಗೂ ಕಣ್ಣಿಗೂ ಅಭ್ಯಾಸದಿಂದ ಬರತಕ್ಕದ್ದು.

ತಂದೆತಾಯಿಗಳಿಗೆ ಎರಡು ಮಾತು

ಈ ವಿದ್ಯೆಯಲ್ಲಿ ಗೌರವವೂ ಉಂಟು, ಅಭದ್ರತೆಯೂ ಉಂಟು. ಎರಡನ್ನೂ ತಿಳಿದಿರುವುದು ಮೇಲು. ೨೦೧೨ರಲ್ಲಿ ತೆರೆಕಂಡ ‘ಲೈಫ್ ಆಫ್ ಪೈ’ ಚಿತ್ರದ ಹುಲಿ, ಕಡಲುಗಳ ಮುಖ್ಯ ಕೆಲಸ ರಿದಮ್ ಅಂಡ್ ಹ್ಯೂಸ್ ಎಂಬ ಅಮೆರಿಕದ ಸಂಸ್ಥೆಯದು. ಮುಂಬಯಿ, ಹೈದರಾಬಾದುಗಳಲ್ಲಿದ್ದ ಅದರ ಶಾಖೆಗಳವರೂ ಅದರಲ್ಲಿ ದುಡಿದರು. ೨೦೧೩ರ ಫೆಬ್ರವರಿಯಲ್ಲಿ ಆ ಕೆಲಸಕ್ಕೆ ಆಸ್ಕರ್ ಬಂದಿತು. ಅದೇ ತಿಂಗಳಿನಲ್ಲಿ ಸಂಸ್ಥೆ ದಿವಾಳಿಯ ಅರ್ಜಿಯನ್ನೂ ಹಾಕಿತು! ೨೦೨೫ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿಯೂ ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. ಇದರಲ್ಲಿ ಕಲಿತವರ ದೋಷವೇನೂ ಇರಲಿಲ್ಲ.

ಆದುದರಿಂದ ಮಗನೋ ಮಗಳೋ ಈ ದಾರಿ ಹಿಡಿಯುವೆನೆಂದರೆ ಬೇಡವೆನ್ನಬೇಕಾಗಿಲ್ಲ. ಆದರೆ ಸಾಲ ಮಾಡಿ ದೊಡ್ಡ ಶುಲ್ಕ ಕಟ್ಟುವ ಮುನ್ನ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ‘ಬ್ಲೆಂಡರ್’ ಎಂಬ ಸಾಫ್ಟ್‌ವೇರ್ ಯಾರಿಗಾದರೂ ಉಚಿತ. ಅದರಲ್ಲಿಯೂ ನೀರು ಹರಿಸಬಹುದು. ಹೌಡಿನಿಯಲ್ಲಿಯೂ ಕಲಿಯುವವರಿಗೆ ಉಚಿತವಾದ ಆವೃತ್ತಿ ಉಂಟು. ಆರು ತಿಂಗಳು ಬೇಸರಿಸದೆ ಒಂದು ಲೋಟ ನೀರನ್ನು ಸರಿಯಾಗಿ ಸುರಿಯಲು ಕಲಿತ ಹುಡುಗನಿಗೆ ಕಡಲಿನ ಆಸೆ ತಕ್ಕುದೇ. ಜೊತೆಗೆ ಗುಂಡಿ ಒತ್ತುವುದನ್ನಷ್ಟೇ ಅಲ್ಲದೆ ಗಣಿತವನ್ನೂ ಭೌತಶಾಸ್ತ್ರವನ್ನೂ ಬಿಡದಂತೆ ಹೇಳಿರಿ. ಸಂಸ್ಥೆಗಳು ಮುಚ್ಚಬಹುದು, ಸಾಫ್ಟ್‌ವೇರ್ ಹಳತಾಗಬಹುದು. ನೀರು ಹರಿಯುವ ನಿಯಮ ಬದಲಾಗುವುದಿಲ್ಲ. ಅದನ್ನು ಬಲ್ಲವನು ಇನ್ನೊಂದು ಕಡೆಯಲ್ಲಿಯೂ ಬದುಕಿಕೊಂಡಾನು.

ಈಗಾಗಲೇ ಈ ಕೆಲಸದಲ್ಲಿರುವ ಮಕ್ಕಳುಳ್ಳವರು, ರಜೆಗೆ ಮನೆಗೆ ಬಂದಾಗ “ನಿನ್ನ ನೀರನ್ನು ಒಮ್ಮೆ ತೋರಿಸಪ್ಪ” ಎಂದು ಕೇಳಿ ನೋಡಿ. ಚುಕ್ಕಿಯಿಂದ ಹಿಡಿದು ಮೈಯವರೆಗೆ ಅವರು ಬಿಡಿಸಿ ಹೇಳುವಾಗ, ನಿದ್ದೆಗೆಟ್ಟ ರಾತ್ರಿಗಳಿಗೆ ಅರ್ಥವೇನೆಂಬುದು ನಿಮಗೂ ತಿಳಿದೀತು. ಮನೆಯವರು ಕೇಳಿದರೆಂಬ ಸಂತೋಷ ಅವರಿಗೂ ಆದೀತು.