ಗ್ಯಾಸ್ ಚೆಕಿಂಗ್ ಅಂತ ಮನೆಗೆ ಬರುವವರು: ಅಸಲಿ ಯಾರು, ನಕಲಿ ಯಾರು?

ರೈತ ಬಾಂಧವರೇ, ಈ ವಾರ ಗೊಬ್ಬರ, ಕೀಟದ ವಿಷಯ ಬಿಟ್ಟು ನಮ್ಮ ಅಡುಗೆಮನೆಗೆ ಬರೋಣ. ಕೊಯ್ಲಿನ ದಿನಗಳಲ್ಲಿ ತೋಟದ ಮನೆಗಳು ಹಗಲೆಲ್ಲ ಹೆಚ್ಚುಕಮ್ಮಿ ಖಾಲಿ. ದುಡಿಯುವವರೆಲ್ಲ ಹೊಲದಲ್ಲಿ, ಮನೆಯಲ್ಲಿ ಅಜ್ಜಿಯೋ ಬಾಣಂತಿಯೋ ಒಬ್ಬರೇ. ಇಂಥ ಹೊತ್ತಿನಲ್ಲೇ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡವರು ಬಂದು, "ಗ್ಯಾಸ್ ಏಜೆನ್ಸಿಯಿಂದ ಬಂದಿದ್ದೀವಿ, ಸೇಫ್ಟಿ ಚೆಕ್ ಕಡ್ಡಾಯ, ಬುಕ್ ತನ್ನಿ" ಅಂತಾರೆ. ಹತ್ತು ನಿಮಿಷದಲ್ಲಿ ಹಳೇ ಪೈಪ್ ಕತ್ತರಿಸಿ, ಹೊಸದು ಹಾಕಿ, ಸಾವಿರಾರು ರೂಪಾಯಿ ಬಿಲ್ ಕೈಗಿಡ್ತಾರೆ.

ಈ ಮೋಸ ಯಾಕೆ ನಡೆಯುತ್ತೆ?

ಯಾಕಂದ್ರೆ ಅವರು ಹೇಳೋದರಲ್ಲಿ ಅರ್ಧ ನಿಜ. ಅಡುಗೆ ಅನಿಲದ ಸಂಪರ್ಕವನ್ನು 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು ಅನ್ನೋ ನಿಯಮ ನಿಜವಾಗಿಯೂ ಇದೆ. ಸ್ಟೌಗೆ ಹೋಗುವ ಸುರಕ್ಷಾ ಪೈಪಿನ ಆಯುಷ್ಯವೂ 5 ವರ್ಷವೇ. ಕಳಪೆ ಬಿತ್ತನೆ ಬೀಜ ಮಾರುವವನು ಒಳ್ಳೇ ತಳಿಯ ಹೆಸರನ್ನೇ ಹೇಳ್ತಾನಲ್ಲ, ಹಾಗೆ. ನಿಯಮ ಅಸಲಿ, ಬಂದವನು ನಕಲಿ. ಜೊತೆಗೆ "ಇವತ್ತೇ ಮಾಡಿಸದಿದ್ರೆ ಸಬ್ಸಿಡಿ ನಿಲ್ಲುತ್ತೆ, ಸಿಲಿಂಡರ್ ಬರಲ್ಲ" ಅಂತ ಅವಸರ ಹಚ್ತಾರೆ. ಆ ಅವಸರವೇ ಮೊದಲ ಗುರುತು.

ನಷ್ಟ ಬರೀ ದುಡ್ಡಿನದಲ್ಲ. ಅವರು ಹಾಕಿ ಹೋಗುವುದು ಗುಣಮಟ್ಟವಿಲ್ಲದ ರಬ್ಬರ್ ಪೈಪ್ ಆಗಿದ್ದರೆ, ಚೆನ್ನಾಗಿದ್ದದ್ದನ್ನು ಕಿತ್ತು ಅಪಾಯವನ್ನು ಮನೆಯೊಳಗೆ ಇಟ್ಟ ಹಾಗಾಯ್ತು.

ಅಸಲಿ ತಪಾಸಣೆ ಹೇಗಿರುತ್ತೆ?

• ಬರುವವರು ನಿಮ್ಮದೇ ಏಜೆನ್ಸಿಯ ಮೆಕ್ಯಾನಿಕ್. ಅವರ ಹೆಸರು ಏಜೆನ್ಸಿಗೆ ಗೊತ್ತಿರುತ್ತೆ.
• ಸ್ಟೌ, ಪೈಪ್, ರೆಗ್ಯುಲೇಟರ್ ನೋಡಿ ವರದಿ ಬರೆದು, ನಿಮ್ಮ ಸಹಿ ತಗೊಂಡು, ರಸೀದಿ ಕೊಡ್ತಾರೆ.
• ಕಡ್ಡಾಯ ತಪಾಸಣೆಗೆ ನಿಗದಿಯಾದ ಶುಲ್ಕ ಜಿಎಸ್‌ಟಿ ಸೇರಿ 236 ರೂಪಾಯಿ. ಈಗೆಷ್ಟು ಅಂತ ಏಜೆನ್ಸಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡೇ ದುಡ್ಡು ಕೊಡಿ.
• ಏಜೆನ್ಸಿಯಲ್ಲಿ ಸುರಕ್ಷಾ ಪೈಪ್ ಇನ್ನೂರು ರೂಪಾಯಿ ಆಸುಪಾಸಿನ ವಸ್ತು. ಸಾವಿರ ದಾಟಿದರೆ ಅಲ್ಲೇ ನಿಲ್ಲಿಸಿ.
• ಅವರಿಂದಲೇ ಸ್ಟೌ, ಲೈಟರ್ ಕೊಳ್ಳಬೇಕು ಅನ್ನೋ ನಿಯಮ ಎಲ್ಲೂ ಇಲ್ಲ.
• ಬ್ಯಾಂಕ್ ಪಾಸ್‌ಬುಕ್ ತಪಾಸಣೆಗೆ ಬೇಕಾಗಲ್ಲ.

ಬಾಗಿಲಲ್ಲೇ ಮಾಡಬೇಕಾದ್ದು

ಒಂದೇ ಕೆಲಸ ನೆನಪಿಟ್ಟುಕೊಳ್ಳಿ: ಬಂದವರನ್ನು ಹೊರಗೇ ನಿಲ್ಲಿಸಿ, ಏಜೆನ್ಸಿಗೆ ಫೋನ್ ಮಾಡಿ. ನಂಬರ್ ಅವರು ಕೊಟ್ಟದ್ದಾಗಬಾರದು, ನಿಮ್ಮ ಗ್ಯಾಸ್ ಬುಕ್ ಅಥವಾ ಸಿಲಿಂಡರ್ ಬಿಲ್ಲಿನಲ್ಲಿ ಇರುವುದೇ ಆಗಬೇಕು. ಗುರುತಿನ ಚೀಟಿ ಯಾವ ಝೆರಾಕ್ಸ್ ಅಂಗಡಿಯಲ್ಲಾದ್ರೂ ಆಗುತ್ತೆ, ಆದರೆ ಏಜೆನ್ಸಿಯವರು "ಹೌದು, ನಾವೇ ಕಳಿಸಿದ್ದು" ಅನ್ನೋದನ್ನು ನಕಲಿ ಮಾಡೋದು ಕಷ್ಟ. ಫೋನ್ ತಾಗದಿದ್ರೆ "ಸಂಜೆ ಮನೆಯವರು ಇದ್ದಾಗ ಬನ್ನಿ" ಅಂದ್ರೆ ಸಾಕು. ಅಸಲಿಯವರು ಮತ್ತೆ ಬರ್ತಾರೆ, ನಕಲಿಯವರು ಜಗಳಕ್ಕೆ ನಿಲ್ತಾರೆ.

ಮನೆಯಲ್ಲಿ ಹಿರಿಯರಿದ್ದರೆ ಏಜೆನ್ಸಿಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. "ಯಾರೇ ಬಂದ್ರೂ ನನಗೊಂದು ಫೋನ್ ಮಾಡಮ್ಮ" ಅಂತ ಮೊದಲೇ ಹೇಳಿಡಿ. ಬೈತಾರೇನೋ ಅನ್ನೋ ಸಂಕೋಚದಿಂದಲೇ ಎಷ್ಟೋ ಹಿರಿಯರು ಒಳಗೆ ಬಿಟ್ಟುಬಿಡ್ತಾರೆ.

ಹಾಗಂತ ತಪಾಸಣೆಯನ್ನೇ ಬಿಡಬೇಡಿ

ಮೋಸಕ್ಕೆ ಹೆದರಿ ಅಸಲಿ ಮೆಕ್ಯಾನಿಕ್‌ನೂ ವಾಪಸ್ ಕಳಿಸೋದು ಇನ್ನೂ ದೊಡ್ಡ ಅಪಾಯ. ರಾಗಿ, ಭತ್ತ, ಕಾಯಿ ದಾಸ್ತಾನಿರುವ ನಮ್ಮ ಮನೆಗಳಲ್ಲಿ ಇಲಿ ಕಾಟ ತಪ್ಪಿದ್ದಲ್ಲ, ಇಲಿ ಪೈಪನ್ನೂ ಕಡಿಯುತ್ತೆ. ಆದ್ದರಿಂದ ನಾವೇ ಇಷ್ಟು ನೋಡಿಕೊಳ್ಳೋಣ:

1. ಪೈಪಿನ ಮೇಲೆ ಐಎಸ್‌ಐ ಗುರುತು ಮತ್ತು ತಯಾರಾದ ವರ್ಷ ಇದೆಯೇ? 5 ವರ್ಷ ದಾಟಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಬರೀ ಕೇಸರಿ ಬಣ್ಣ ನೋಡಿ ನಂಬಬೇಡಿ.
2. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ನೋಡಲೇಬೇಡಿ.
3. ಸಿಲಿಂಡರ್ ಹಿಡಿಯ ಪಟ್ಟಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತೆ. ಎ ಅಂದ್ರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ಕೊನೆ. "ಬಿ 27" ಅಂದ್ರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಅವಧಿ ಮುಗಿದದ್ದು ಬಂದರೆ ಇಳಿಸಿಕೊಳ್ಳಬೇಡಿ.
4. ಸಿಲಿಂಡರ್ ನೇರವಾಗಿ ನಿಂತಿರಲಿ, ಸ್ಟೌ ಅದಕ್ಕಿಂತ ಎತ್ತರದಲ್ಲಿರಲಿ.

ವಾಸನೆ ಬಂದ್ರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಇದು ಅನಿಲ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ.

ಈಗಾಗಲೇ ಮೋಸ ಹೋಗಿದ್ದರೆ?

ಮೊದಲು ಏಜೆನ್ಸಿಯ ಮೆಕ್ಯಾನಿಕ್ ಕರೆಸಿ, ಅವರು ಹಾಕಿದ ಪೈಪನ್ನು ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಸ್ಟೌ ಹಚ್ಚಬೇಡಿ. ಬಿಲ್ ಮತ್ತು ಕಿತ್ತ ಪೈಪ್ ಬಿಸಾಡದೆ ಪೊಲೀಸ್ ಠಾಣೆಗೆ ದೂರು ಕೊಡಿ. ಬಂದವರು ಇನ್ನೂ ಊರಲ್ಲೇ ಇದ್ದರೆ 112ಕ್ಕೆ ಕರೆ ಮಾಡಿ. ಫೋನ್‌ಪೇ, ಗೂಗಲ್ ಪೇ ಮೂಲಕ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಕೊನೆಗೊಂದು ಮಾತು. ಒಂದು ಮನೆಯಲ್ಲಿ ಗೆದ್ದವರು ಅದೇ ಬೀದಿಯ ಪಕ್ಕದ ಮನೆಗೇ ಹೋಗ್ತಾರೆ. ಹೊಲಕ್ಕೆ ಹುಳ ಬಿದ್ದರೆ ಪಕ್ಕದ ಜಮೀನಿನವರಿಗೆ ಹೇಳಲ್ವಾ? ಹಾಗೇ ಇದನ್ನೂ ನಾಚಿಕೆಪಡದೆ ಊರಿನ ವಾಟ್ಸಾಪ್ ಗುಂಪಿನಲ್ಲಿ, ಹಾಲಿನ ಡೇರಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಹೇಳಿ.