ದೂಧಗಂಗೆಯ ದಂಡೆಯ ಸೈಕಲ್ ದಾರಿಗಳು

ಹೊಳೆಯ ನಾಡಿನಲ್ಲಿ, ಒಂದೂರಿನಿಂದ ಇನ್ನೊಂದೂರಿಗೆ ದೂರವೆಷ್ಟು ಎಂದು ಕೇಳಿದರೆ ಉತ್ತರ ಒಂದೇ ಆಗಿರುವುದಿಲ್ಲ. ಕೇಳಿದ್ದು ಮಾಘದಲ್ಲಿಯೋ ಆಷಾಢದಲ್ಲಿಯೋ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಚಿಕ್ಕೋಡಿ ಸೀಮೆಯ ಸದಲಗಾದ ಸುತ್ತಿನ ಹಳ್ಳಿಗಳಲ್ಲಿ ಈ ಮಾತಿನ ಸತ್ಯವನ್ನು ಚೆನ್ನಾಗಿ ಬಲ್ಲವರು ಸೈಕಲ್ ತುಳಿಯುವವರು. ಬಸ್ಸಿನಲ್ಲಿ ಕುಳಿತವನಿಗೆ ದಾರಿಯ ಚಿಂತೆಯಿಲ್ಲ. ಅದು ಡ್ರೈವರನಿಗೆ ಸೇರಿದ್ದು. ಮೋಟಾರು ಸೈಕಲ್ಲಿನವನಿಗೆ ಹತ್ತು ಹದಿನೈದು ಕಿಲೋಮೀಟರಿನ ಸುತ್ತೆಂದರೆ ಒಂದಿಷ್ಟು ಪೆಟ್ರೋಲು. ಸೈಕಲ್ಲಿನವನಿಗೆ ಅದೇ ಸುತ್ತು ಒಂದು ತಾಸು. ಆ ಒಂದು ತಾಸೆಂದರೆ ತಪ್ಪಿದ ಪಾಳಿ, ಇಲ್ಲವೆ ತಪ್ಪಿದ ಪಾಠ.

ಸದಲಗಾ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಊರೇನೂ ಅಲ್ಲ. ಪ್ರಾಕೃತ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆಯವರು 1906ರಲ್ಲಿ ಹುಟ್ಟಿದ್ದು ಇಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಅವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಆಚಾರ್ಯ ವಿದ್ಯಾಸಾಗರ ಮುನಿಗಳೂ ಈ ಊರಿನವರೇ. 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದವರು 2024ರಲ್ಲಿ ದೇಹ ಬಿಡುವವರೆಗೆ ಬರಿಗಾಲಿನಲ್ಲಿಯೇ ದೇಶವನ್ನು ನಡೆದರು. ಕನ್ನಡ ತಾಯ್ನುಡಿಯವರಾಗಿದ್ದು ಹಿಂದಿಯಲ್ಲಿ ‘ಮೂಕಮಾಟಿ’ಯಂಥ ಮಹಾಕಾವ್ಯವನ್ನು ಬರೆದರು. ಇಬ್ಬರೂ ಊರು ಬಿಟ್ಟು ಹೊರಟ ದಾರಿಗಳು ದೊಡ್ಡವು. ನಾನು ಬರೆಯಹೊರಟಿರುವುದು ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಮರಳುವವರ ಸಣ್ಣ ದಾರಿಗಳನ್ನು ಕುರಿತು.

ಮೊದಲು ಹೊಳೆಯ ಸ್ವಭಾವವನ್ನು ಹೇಳಬೇಕು. ದೂಧಗಂಗೆ, ವೇದಗಂಗೆ ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ, ಕೊಲ್ಹಾಪುರ ಜಿಲ್ಲೆಯನ್ನು ಹಾಯ್ದು ನಮ್ಮಲ್ಲಿಗೆ ಬಂದು, ಒಂದಾಗಿ ಕೃಷ್ಣೆಯನ್ನು ಸೇರುತ್ತವೆ. ಇವುಗಳ ಮೇಲೆ ಅಲ್ಲಲ್ಲಿ ಬಾಂದಾರಗಳಿವೆ. ಕೊಲ್ಹಾಪುರ ಮಾದರಿಯ ಬಾಂದಾರವೆಂದು ಎಂಜಿನಿಯರರು ಕರೆಯುವ ಈ ಕಟ್ಟಡದ ಕ್ರಮ ಬಹು ಸರಳ. ಸಾಲುಗಂಬಗಳ ನಡುವೆ ಹಲಗೆಗಳನ್ನು ಇಳಿಬಿಟ್ಟು ಮಳೆಗಾಲ ಮುಗಿದ ಮೇಲೆ ನೀರನ್ನು ಹಿಡಿದಿಡುವುದು. ಮುಂಗಾರು ಬರುವ ಮುನ್ನ ಹಲಗೆಗಳನ್ನು ಎತ್ತಿ ಪ್ರವಾಹಕ್ಕೆ ದಾರಿ ಬಿಡುವುದು. ಕಟ್ಟಿದ್ದು ಬೆಳೆಗೆ ನೀರುಣಿಸಲೆಂದು. ಆದರೆ ಕಂಬಗಳ ಮೇಲಿನ ಇಕ್ಕಟ್ಟಾದ ಹಾಸು ಎರಡು ದಂಡೆಗಳನ್ನು ಕೂಡಿಸಿತಲ್ಲ! ಜನ ಅದನ್ನೇ ಸೇತುವೆ ಮಾಡಿಕೊಂಡರು. ಸೈಕಲ್ಲಿಗೆ ಅಷ್ಟು ಅಗಲವೇ ಬೇಕಾದಷ್ಟಾಯಿತು. ಬೇಸಗೆಯಲ್ಲಿ ಹೊಳೆಯಾಚೆಯ ಊರು ಕಾಲಳತೆಯಲ್ಲಿರುತ್ತದೆ.

ಬಾಂದಾರದ ಹಾಸು ತಗ್ಗಿನಲ್ಲಿರುವುದರಿಂದ ಹೊಳೆ ಏರಿದ ಕೂಡಲೆ ಅದು ಮುಳುಗುತ್ತದೆ. ದೂಧಗಂಗೆಯ ಮೇಲೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ. ವೇದಗಂಗೆಯ ಮೇಲೆ ಭೋಜವಾಡಿ–ಕುನ್ನೂರ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ. ಕೃಷ್ಣೆಯ ಮೇಲೆ ಕಲ್ಲೋಳ–ಯಡೂರ. ಪ್ರತಿ ವರ್ಷ ಮಳೆ ಹಿಡಿದ ದಿನಗಳಲ್ಲಿ ಪತ್ರಿಕೆಗಳು ಈ ಜೋಡಿ ಹೆಸರುಗಳನ್ನು ಮಂತ್ರದಂತೆ ಪಠಿಸುತ್ತವೆ. ದೂರದ ವಾಚಕನಿಗೆ ಅದೊಂದು ಸುದ್ದಿಯ ಸಾಲು. ಇಲ್ಲಿಯವರಿಗೆ ಅದು ಆ ದಿನದ ಪಂಚಾಂಗ. ವಿಚಿತ್ರವೆಂದರೆ, ಸದಲಗಾದ ಮೇಲೆ ಒಂದು ಹನಿ ಮಳೆಯೂ ಬೀಳದೆ, ಬಿಸಿಲು ಕಾಯುತ್ತಿರುವಾಗಲೇ ದಾರಿ ಮುಳುಗಬಹುದು. ಕಾಳಮ್ಮವಾಡಿಯ ಜಲಾಶಯದ ಕಡೆ, ಪಾಟಗಾಂವದ ಕಡೆ ಘಟ್ಟದಲ್ಲಿ ಮಳೆ ಹೊಯ್ದರೆ ಸಾಕು. ತಲೆಯ ಮೇಲಿನ ಮುಗಿಲನ್ನು ನೋಡಿ ಇಲ್ಲಿ ಯಾರೂ ಸೈಕಲ್ ಹತ್ತುವುದಿಲ್ಲ. ಪಶ್ಚಿಮದ ಸುದ್ದಿಯನ್ನು ಕೇಳಿ ಹತ್ತುತ್ತಾರೆ.

ಆ ಸುದ್ದಿ ಸಿಕ್ಕುವ ಸ್ಥಳ ಸೈಕಲ್ ರಿಪೇರಿಯ ಅಂಗಡಿ. ಈಗ ಅದರ ಮುಂದೆ ನಿಂತಿರುವುವು ಹೆಚ್ಚಾಗಿ ಮೋಟಾರು ಸೈಕಲ್ಲುಗಳೇ. ಆದರೂ ಒಂದು ಮೂಲೆಯಲ್ಲಿ ನೀರಿನ ಬೋಗುಣಿ, ತೂಗುಹಾಕಿದ ಹಳೆಯ ಟೈರುಗಳು, ಕೈಪಂಪು ಉಳಿದುಕೊಂಡಿವೆ. ಇಚಲಕರಂಜಿಯ ಮಗ್ಗಗಳಲ್ಲಿ ರಾತ್ರಿಪಾಳಿ ಮುಗಿಸಿ ಗಡಿಯ ಹಳ್ಳಿಗಳಿಗೆ ಮರಳುವ ಕೆಲಸಗಾರರು ಇಲ್ಲಿ ಗಾಳಿ ಹಾಕಿಸಿಕೊಳ್ಳಲು ಇಳಿಯುತ್ತಾರೆ. ಶಾಲೆಗೆ ಹೊರಟ ಮಕ್ಕಳು ಅದೇ ಹೊತ್ತಿಗೆ ಬರುತ್ತಾರೆ. ಹಿಂದಿನ ರಾತ್ರಿಯ ದಾರಿಯನ್ನು ಕಂಡವರು ಈ ದಿನದ ದಾರಿ ಹಿಡಿಯುವವರಿಗೆ ಎದುರಾಗುವ ಹೊತ್ತು ಅದು. ನಾನು ಒಮ್ಮೆ ಕೇಳಿದ ಸಂಭಾಷಣೆ ಇದು:

“ಕಾಕಾ, ಬಾಂದಾರದಾಗ ನೀರ ಇಳದೈತೇನ್ರಿ?”

“ಇಲ್ಲವಾ ತಂಗಿ, ಇನ್ನಾ ಮೊಣಕಾಲಮಟ ಹರ್ಯಾಕತ್ತೈತಿ. ಸುತ್ತ ಆದ್ರೂ ಚಿಂತಿಲ್ಲ, ದೊಡ್ಡ ಬ್ರಿಜ್ಜಿನ ಮ್ಯಾಲೆ ಹೋಗ್ರಿ.”

“ಅಲ್ಲಿತನಾ ಹೋದ್ರ ಸಾಲಿ ತಪ್ಪತೈತ್ರಿ.”

“ಸಾಲಿ ನಾಳೆ ಇರತೈತಿ, ತಂಗೆವ್ವಾ.”

ಈ ಕೊನೆಯ ಮಾತಿಗೆ ಪ್ರತಿಯಾಗಿ ಆ ಹುಡುಗಿ ಏನನ್ನೂ ಹೇಳಲಿಲ್ಲ. ಅಧ್ಯಾಪಕನಾದ ನನಗೆ ಆ ಮೌನದ ಅರ್ಥ ಗೊತ್ತು. ಸಾಲೆ ನಾಳೆಯೂ ಇರುತ್ತದೆ, ನಿಜ. ಆದರೆ ಹಾಜರಿ ಪಟ್ಟಿಯೂ ಇರುತ್ತದಲ್ಲ! ನೂರಕ್ಕೆ 75ರ ಹಾಜರಿ ಬೇಕೆಂಬ ನಿಯಮವನ್ನು ಬರೆದವರ ಮೇಜಿನ ಮೇಲೆ ದೂಧಗಂಗೆಯ ಪ್ರವಾಹದ ಲೆಕ್ಕ ಇರಲಾರದು. ಜುಲೈ, ಆಗಸ್ಟ್ ತಿಂಗಳ ಪುಟಗಳಲ್ಲಿ ಹೊಳೆಯಾಚೆಯ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತವೆ. ಹುಡುಗರಾದರೆ ದಸರೆಯ ಹೊತ್ತಿಗೆ ಹೇಗೋ ಮರಳಿ ಬರುತ್ತಾರೆ. ಹುಡುಗಿಯರ ವಿಷಯ ಹಾಗಲ್ಲ. ಹದಿನೈದು ದಿನ ಮನೆಯಲ್ಲಿ ಕುಳಿತ ಮಗಳನ್ನು ನೋಡಿ, ಓದಿದ್ದು ಸಾಕೆಂದು ಹಿರಿಯರು ತೀರ್ಮಾನಿಸುವುದು ಅಂಥ ದಿನಗಳಲ್ಲಿಯೇ.

ನಮ್ಮ ತರಗತಿಯ ನಾಲ್ವರು ವಿದ್ಯಾರ್ಥಿನಿಯರು ಈ ಗಂಡಾಂತರದಿಂದ ಪಾರಾದ ಬಗೆಯನ್ನು ಹೇಳಬೇಕು. ಬಾಂದಾರ ಮುಳುಗಿದ ದಿನ ಅವರು ನಸುಕಿನಲ್ಲಿಯೇ ಮನೆ ಬಿಟ್ಟು, ಎತ್ತರದ ಸೇತುವೆಯಿರುವ ರಸ್ತೆಯವರೆಗೆ ಸೈಕಲ್ ತುಳಿದು, ಅಲ್ಲಿಯ ಒಂದು ಮನೆಯ ಪಡಸಾಲೆಯಲ್ಲಿ ಸೈಕಲ್ಲುಗಳನ್ನು ಇಟ್ಟು ಬಸ್ಸು ಹಿಡಿಯುತ್ತಿದ್ದರು. 2023ರ ಜೂನ್ ತಿಂಗಳಿನಿಂದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ ಈ ಏರ್ಪಾಟಿನಲ್ಲಿ ಖರ್ಚಿನ ಮಾತು ಹೋಯಿತು. ಉಳಿದದ್ದು ಬಸ್ಸಿನವರೆಗೆ ತಲುಪುವ ಪ್ರಶ್ನೆ. ಆ ಮನೆ ಇಂಥಲ್ಲಿದೆ, ಅಲ್ಲಿಯ ಅಜ್ಜಿ ಬೇಡವೆನ್ನುವವಳಲ್ಲ, ಅಂಗಳದ ನಾಯಿ ಬೊಗಳುತ್ತದೆಯೇ ಹೊರತು ಕಚ್ಚುವುದಿಲ್ಲ ಎಂಬ ಮೂರು ಸಂಗತಿಗಳನ್ನು ಅವರಿಗೆ ಹೇಳಿದವನು ಮಗ್ಗದ ಕೆಲಸಗಾರನೊಬ್ಬ. ಯಾವ ನಕಾಶೆಯಲ್ಲಿ ಈ ಮೂರು ಸಿಕ್ಕಾವು? ಮೊಬೈಲಿನ ನಕಾಶೆ ಮುಳುಗಿದ ಬಾಂದಾರದ ಮೇಲೆಯೇ ನೀಲಿ ಗೆರೆ ಎಳೆದು, ಇದೇ ಹತ್ತಿರದ ದಾರಿ ಎಂದು ತೋರಿಸಿದ್ದನ್ನು ನಾನೇ ಕಂಡಿದ್ದೇನೆ.

ದಾರಿಯ ವಿದ್ಯೆ ನೀರಿನಲ್ಲಿಗೇ ಮುಗಿಯುವುದಿಲ್ಲ. ಮುಂಗಾರಿನ ನಾಲ್ಕು ತಿಂಗಳು ಈ ಬಯಲಿನಲ್ಲಿ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ನಿಪ್ಪಾಣಿಯ ಕಡೆಗೆ ಹೋಗುವವನಿಗೆ ಅದು ಎದೆಗೆ ಎದುರು, ಮರಳುವವನಿಗೆ ಬೆನ್ನಿಗೆ ಆಸರೆ. ಅನುಭವಿಗಳು ಬೇಗ ಹೊರಡು ಎನ್ನುವುದು ಇದರಿಂದ. ಬಿಸಿಲೇರಿದಂತೆ ಗಾಳಿಯೂ ಏರುತ್ತದೆ. ಚಿಕ್ಕೋಡಿಯ ದಾರಿಯ ಕಷ್ಟ ಬೇರೆ. ಊರು ಹೊಳೆಯ ಬಯಲಿಗಿಂತ ನೂರು ಮೀಟರಿಗೂ ಮಿಕ್ಕು ಎತ್ತರದಲ್ಲಿದೆ. ಹೋಗುವಾಗ ಏರು, ಬರುವಾಗ ಇಳಿಜಾರು. ಕೆಲಸವಿಲ್ಲದೆ ಹೋಗುವವನಿಗೆ ಇದು ಸುಖವೇ. ಬೆಳಿಗ್ಗೆಯೇ ಬೆವೆತು ಕಚೇರಿಯಲ್ಲಿ ಕುಳಿತುಕೊಳ್ಳಬೇಕಾದವನಿಗೆ ಅಲ್ಲ. ಇನ್ನು ಎರೆಮಣ್ಣಿನ ಹೊಲದಾರಿ! ಒಂದು ಮಳೆ ಬಿದ್ದರೆ ಆ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಸೈಕಲ್ಲು ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯ ಸೈಕಲ್ಲನ್ನು ಹೊರುತ್ತಾನೆ. ಆದ್ದರಿಂದ ಮಳೆಗಾಲಕ್ಕೆ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿಡುವುದು, ಕ್ಯಾರಿಯರಿಗೆ ಒಂದು ಚೂಪಾದ ಕಡ್ಡಿಯನ್ನು ಸಿಕ್ಕಿಸಿಟ್ಟುಕೊಳ್ಳುವುದು ಇಲ್ಲಿಯ ರೂಢಿ. ಬೇಸಗೆಯಲ್ಲಿ ಜಾಲಿಮುಳ್ಳು, ಅದಕ್ಕೆ ಇನ್ನೂ ಯಾರೂ ಉಪಾಯ ಕಂಡಿಲ್ಲ.

ಡಬಲ್ ಸೀಟಿನ ಸಂಪ್ರದಾಯಕ್ಕೂ ತನ್ನದೇ ಧರ್ಮಶಾಸ್ತ್ರವಿದೆ. ಏರು ಬಂದಾಗ ಹಿಂದೆ ಕುಳಿತವನು ಹೇಳಿಸಿಕೊಳ್ಳದೆ ಇಳಿಯಬೇಕು. ಎದುರುಗಾಳಿಯಲ್ಲಿ ಅರ್ಧ ದಾರಿಗೆ ತುಳಿಯುವವರು ಬದಲಾಗಬೇಕು. ಕ್ಯಾರಿಯರಿನ ಮೇಲೆ ಕಬ್ಬಿನ ಕೂಲಿಯವನೂ ಕುಳಿತಾನು, ಜೋಳದ ಚೀಲವೂ ಕುಳಿತೀತು. ಚೀಲ ಏರಿನಲ್ಲಿ ಇಳಿಯುವುದಿಲ್ಲವೆಂಬುದೊಂದೇ ಭೇದ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿನ್ ಟ್ರಿನ್’ ಎಂಬ ಹೆಸರಿನಿಂದ ಬಾಡಿಗೆ ಸೈಕಲ್ಲುಗಳ ಸಾರ್ವಜನಿಕ ವ್ಯವಸ್ಥೆ ಪ್ರಾರಂಭವಾದಾಗ, ಸೈಕಲ್ಲನ್ನು ಹಂಚಿಕೊಳ್ಳುವ ಹೊಸ ಯುಗವೆಂದು ಬಹಳ ಬರೆದರು. ಒಳ್ಳೆಯ ಕೆಲಸವೇ. ಆದರೆ ನಮ್ಮ ಕಡೆ ಹಂಚಿಕೊಳ್ಳುವುದಕ್ಕೆ ಕಾರ್ಡು ಬೇಕಾಗಿರಲಿಲ್ಲ.

ಸೈಕಲ್ಲಿನ ಮಟ್ಟಿಗೆ ಬೆಳಗಾವಿಯ ಸೀಮೆ ಹಿಂದುಳಿದದ್ದೇನೂ ಅಲ್ಲ. ಕಿರ್ಲೋಸ್ಕರ ಮನೆತನದ ಉದ್ಯಮ ತನ್ನ ಹುಟ್ಟನ್ನು ಎಣಿಸುವುದು 1888ರಿಂದ; ಅದು ಹುಟ್ಟಿದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿಯಾಗಿ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಶಿಕ್ಷಕರಾಗಿದ್ದಾಗ ಈ ಹೊಸ ವಾಹನಕ್ಕೆ ಮನಸೋತು, ಅಣ್ಣ ರಾಮಣ್ಣನವರೊಂದಿಗೆ ಅಂಗಡಿ ಹೂಡಿದರು. ಸೈಕಲ್ಲನ್ನು ಮಾರಿದ್ದಷ್ಟೇ ಅಲ್ಲ, ಕೊಂಡವರಿಗೆ ತುಳಿಯಲು ಕಲಿಸಿದರು ಕೂಡ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕೃಷ್ಣೆಯಾಚೆಗೆ ಕಿರ್ಲೋಸ್ಕರವಾಡಿ. ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದದ್ದೂ ಅದೇ 1888ರಲ್ಲಿ. ಗಾಳಿಯ ಟೈರು, ಬೆಳಗಾವಿಯ ಸೈಕಲ್ ಅಂಗಡಿ ಎರಡೂ ಒಂದೇ ವಯಸ್ಸಿನವೆಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ಕಾರಣ ಹೇಳಲಾರೆ.

ಉಳ್ಳವರ ವಿನೋದವಾಗಿ ಬಂದ ಈ ಗಾಡಿ ಬಡವರ ಕಾಲಾದದ್ದಕ್ಕೆ ಒಂದು ತಲೆಮಾರು ಹಿಡಿಯಿತು. ಹೆಣ್ಣುಮಕ್ಕಳ ಕಾಲಾಗಲು ಇನ್ನೂ ಎರಡು ಮೂರು. 2006–07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ನಮ್ಮ ಹಳ್ಳಿಗಳ ದಾರಿಯ ಚಿತ್ರವೇ ಬದಲಾಯಿತು. ಅಲ್ಲಿಯವರೆಗೆ ಅಣ್ಣನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಕದ್ದು ಅರ್ಧ ಪೆಡಲು ತುಳಿಯುತ್ತಿದ್ದ ಹುಡುಗಿಯರು ತಮ್ಮದೇ ಗಾಡಿಯ ಮೇಲೆ ಗುಂಪಾಗಿ ಹೊರಟರು. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದುವು, ಇರಲಿ. ಕೊರೋನಾ ಬಂದ 2020ರಿಂದ ಆ ವಿತರಣೆ ನಿಂತುಹೋಯಿತು. ಪಿ.ಯು. ತರಗತಿಯ ಬಾಗಿಲವರೆಗೆ ಬಂದ ಎಷ್ಟು ಹೆಣ್ಣುಮಕ್ಕಳನ್ನು ಆ ಸೈಕಲ್ಲು ಹೊತ್ತು ತಂದಿತ್ತೆಂಬುದನ್ನು ಪಾಠ ಹೇಳುವವರು ಬಲ್ಲರು.

ಮಳೆ ನಿಂತು ಬಾಂದಾರ ತೆರೆದ ಮೇಲೆ ದಾರಿ ಸುರಕ್ಷಿತವಾಯಿತೆಂದು ತಿಳಿಯಬೇಡಿ. ಆಗ ಕಬ್ಬಿನ ಹಂಗಾಮು ಬರುತ್ತದೆ. ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಎರಡರಿಂದಲೂ ಹೊರಚಾಚಿದ ಕಬ್ಬಿನ ತುದಿಗಳು. ಸಕ್ಕರೆ ಕಾರ್ಖಾನೆಗಳ ಕಡೆ ಇವು ಹಗಲಿರುಳೂ ಸಾಲುಗಟ್ಟಿ ಹೋಗುತ್ತವೆ. ಕೆಂಪು ಪಟ್ಟಿ ಅಂಟಿಸಿದ್ದರೂ ಹಂಗಾಮು ನಡೆದಂತೆ ಧೂಳು ಅದನ್ನು ನುಂಗಿಬಿಡುತ್ತದೆ. ಸಂಜೆಗತ್ತಲಲ್ಲಿ ಕೆಟ್ಟು ನಿಂತ ಟ್ರೇಲರು ಸೈಕಲ್ಲಿನವನಿಗೆ ಕಾಣುವುದು ಅದರ ಹಿಂದೆ ಹತ್ತು ಹೆಜ್ಜೆಯ ಅಂತರದಲ್ಲಿ. ಹಿರಿಯರು ಕಿರಿಯರಿಗೆ ಹೇಳುವ ಮಾತುಗಳಲ್ಲಿ ಇದರಷ್ಟು ಕಟ್ಟುನಿಟ್ಟಾದುದು ಇನ್ನೊಂದಿಲ್ಲ: ಟ್ರೇಲರಿಗೂ ರಸ್ತೆಯ ಅಂಚಿಗೂ ನಡುವೆ ನುಗ್ಗಬೇಡ, ಎದುರಿಗೋ ಹಿಂದಿನಿಂದಲೋ ಬಂದರೆ ರಸ್ತೆಯಿಂದ ಕೆಳಗಿಳಿದು ನಿಲ್ಲು, ಎರಡನೆಯ ಟ್ರೇಲರು ದಾಟುವವರೆಗೆ ಹತ್ತಬೇಡ. ಮೊದಲನೆಯದು ದಾಟಿತೆಂದು ಹತ್ತಿದವರ ಕಥೆಗಳು ಪ್ರತಿ ಊರಿನಲ್ಲಿಯೂ ಒಂದೊಂದಿವೆ. ಹಳೆಯ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿಗೆ ಬಿಳಿ ಬಣ್ಣ ಬಳಿದು ಕೆಂಪು ಗಾಜು ಕೂಡಿಸುತ್ತಿದ್ದರು. ಈಗಿನ ಬಣ್ಣಬಣ್ಣದ ಸೈಕಲ್ಲುಗಳಲ್ಲಿ ಆ ಬಿಳುಪನ್ನು ಕಾಣೆ. ರಾತ್ರಿಪಾಳಿಯವರು ಬಿಳಿ ಅಂಗಿ ತೊಡುವುದು ಶುಭ್ರತೆಗಾಗಿ ಅಲ್ಲ.

ಭಾಷೆಯ ಅಧ್ಯಾಪಕನಾದುದರಿಂದ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಗಡಿಯ ಬಗ್ಗೆ ನಮ್ಮಲ್ಲಿ ಬಹಳ ಭಾಷಣಗಳಾಗಿವೆ. ಸೈಕಲ್ಲಿನವನಿಗೆ ಗಡಿಯೆಂದರೆ ರಸ್ತೆಯ ಡಾಂಬರಿನ ಬಣ್ಣ ಬದಲಾಗುವ ಜಾಗ. ಈಚೆ ಕ್ರಾಸ್ ಎಂದದ್ದು ಆಚೆ ಫಾಟಾ ಆಗುತ್ತದೆ, ಏರು ಚಢವಾಗುತ್ತದೆ, ಬಾಂದಾರ ಎರಡೂ ಕಡೆ ಬಾಂದಾರವೇ. ಮಗ್ಗದಿಂದ ಮರಳುವವನು ಕನ್ನಡದಲ್ಲಿ ಪ್ರಾರಂಭಿಸಿದ ದಾರಿಯ ವರ್ಣನೆಯನ್ನು ಮರಾಠಿಯಲ್ಲಿ ಮುಗಿಸುತ್ತಾನೆ. ಕೇಳುವವನು ಅದನ್ನು ಗಮನಿಸುವುದೂ ಇಲ್ಲ. ದಾರಿ ತಿಳಿದರೆ ಸಾಕು. ತಪ್ಪು ತಿಳಿದುಕೊಂಡರೆ ಎರಡು ಭಾಷೆಯ ಹೊಳೆಯೂ ಒಂದೇ ರೀತಿಯಲ್ಲಿ ಮುಳುಗಿಸುತ್ತದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ನಿಪ್ಪಾಣಿಯ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಹರಿದು, ಪುಣೆ–ಬೆಂಗಳೂರಿನ ಲಾರಿಗಳೆಲ್ಲ ಸಾಲಾಗಿ ನಿಂತುವು. ಎತ್ತರದ ದಾರಿ ಯಾವುದೆಂದು ದೊಡ್ಡ ಗಾಡಿಗಳವರೂ ಊರವರನ್ನು ಕೇಳಿದ ದಿನಗಳವು.

ನೆರೆ ಇಳಿದ ಮೇಲೆ ಬಾಂದಾರವನ್ನು ಮೊದಲು ದಾಟುವವನು ಸೈಕಲ್ಲನ್ನು ತಳ್ಳಿಕೊಂಡೇ ದಾಟುತ್ತಾನೆ. ಹಾಸಿನ ಮೇಲೆ ಗೇಣುದ್ದ ರಾಡಿ ಕುಳಿತಿರುತ್ತದೆ. ಕಂಬಗಳಿಗೆ ಮರದ ಬೊಡ್ಡೆ, ಕಬ್ಬಿನ ರವದಿ, ಹರಿದ ಚೀಲ ಸಿಕ್ಕಿಕೊಂಡಿರುತ್ತವೆ. ಅಂಚಿನ ಕಲ್ಲು ಎಲ್ಲಿ ಕಿತ್ತುಹೋಗಿದೆಯೋ ಕಣ್ಣಿಗೆ ಕಾಣದು. ಅವನು ಕೋಲಿನಿಂದ ತಟ್ಟಿ ನೋಡುತ್ತ, ನಡುವೆಯೇ ನಡೆದು ಆಚೆಯ ದಂಡೆ ಮುಟ್ಟುತ್ತಾನೆ. ರಾಡಿಯಲ್ಲಿ ಅವನ ಟೈರಿನ ಒಂದು ಗೆರೆ ಉಳಿಯುತ್ತದೆ. ಸಂಜೆಯ ಹೊತ್ತಿಗೆ ಅದರ ಪಕ್ಕದಲ್ಲಿ ನಾಲ್ಕಾರು ಗೆರೆಗಳು. ಕತ್ತಲಾಗುವ ಮುನ್ನ ಅಂಗಡಿಯಲ್ಲಿ ಸುದ್ದಿ: “ಬಾಂದಾರ ಚಾಲೂ ಆಗೈತಿ. ಬಲಕ ಮೂರ ಕಲ್ಲ ಹೋಗ್ಯಾವ, ಎಡಕ ಹಿಡಕೊಂಡ ಹೋಗ್ರಿ.”