ಬಿಲ್ಲು: ಒಂದು ಪದ, ಹಲವು ಮೊಹರು

ವ್ಯಾಪಾರಸ್ಥರ ದಿನಚರಿಯಲ್ಲಿ ‘ಬಿಲ್’ ಎಂಬ ಇಂಗ್ಲಿಷ್ ಪದದಷ್ಟು ಬಾಯಿಗೆ ಬರುವ ಪದ ಬಹುಶಃ ಮತ್ತೊಂದಿಲ್ಲ. ಬೆಳಿಗ್ಗೆ ಅಂಗಡಿ ತೆರೆದೊಡನೆ ಮೊದಲ ಗಿರಾಕಿಗೆ ಬಿಲ್ಲು ಬರೆಯುತ್ತೇವೆ. ಕರೆಂಟ್ ಬಿಲ್ಲು ಕಟ್ಟುತ್ತೇವೆ. ಲಾರಿ ಹೊರಡುವ ಮುನ್ನ ಇ-ವೇ ಬಿಲ್ಲು ತೆಗೆಯುತ್ತೇವೆ. ಬ್ಯಾಂಕಿನಲ್ಲಿ ಬಿಲ್ಲು ಡಿಸ್ಕೌಂಟ್ ಮಾಡಿಸುತ್ತೇವೆ. ಗುತ್ತಿಗೆದಾರರಾದವರು ಇಲಾಖೆಯಲ್ಲಿ ಬಿಲ್ಲು ‘ಪಾಸಾಗುವ’ ದಿನವನ್ನು ಕಾಯುತ್ತಾರೆ; ಸಂಜೆಯ ವಾರ್ತೆಯಲ್ಲಿ ಸಂಸತ್ತಿನಲ್ಲಿಯೂ ಒಂದು ಬಿಲ್ಲು ಪಾಸಾಯಿತೆಂದು ಕೇಳಿಬರುತ್ತದೆ. ಗ್ರಾಮ ಪಂಚಾಯಿತಿಯ ತೆರಿಗೆ ವಸೂಲಿಗೆ ಮನೆ ಬಾಗಿಲಿಗೆ ಬರುವವರ ಹುದ್ದೆಯ ಹೆಸರೇ ‘ಬಿಲ್ ಕಲೆಕ್ಟರ್’.

ಇವೆಲ್ಲಕ್ಕೂ ಹೆಸರು ಒಂದೇ ಆದರೂ ವಸ್ತು ಒಂದೇ ಅಲ್ಲ. ಒಂದು ಬಿಲ್ಲು ಹಣವನ್ನು ಕೇಳುತ್ತದೆ, ಇನ್ನೊಂದು ಹಣವನ್ನು ಕೊಡಿಸುತ್ತದೆ, ಮತ್ತೊಂದು ಸರಕಿನ ಒಡೆತನವನ್ನೇ ಕೈಗೆ ಒಪ್ಪಿಸುತ್ತದೆ. ತನ್ನ ಕೈಯಲ್ಲಿರುವುದು ಯಾವ ಬಗೆಯದೆಂದು ವಿಚಾರಿಸದೆ, ‘ಬಿಲ್ಲು ಇದೆಯಲ್ಲಾ’ ಎಂಬ ಧೈರ್ಯದ ಮೇಲೆ ಮಾಲು ಕಳುಹಿಸಿ ತಿಂಗಳುಗಟ್ಟಲೆ ಕಾಯುವ ಸಣ್ಣ ಉದ್ಯಮಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಆದುದರಿಂದ ಈ ಪದದ ಚರಿತ್ರೆಯನ್ನು ತಿಳಿಯುವುದು ಭಾಷಾಶಾಸ್ತ್ರಜ್ಞರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಮೊದಲಿಗೆ ನೆಂಟರಲ್ಲದವರನ್ನು ಬದಿಗಿಡೋಣ. ಇಂಗ್ಲಿಷಿನಲ್ಲಿ ಹಕ್ಕಿಯ ಕೊಕ್ಕಿಗೂ ‘ಬಿಲ್’ ಎನ್ನುತ್ತಾರೆ. ಹಳೆಯ ಕಾಲದ ಕತ್ತಿಗೂ ಬೇಲಿ ಸವರುವ ಬಾಗುಗತ್ತಿಗೂ ಅದೇ ಹೆಸರು. ಈ ಪದಗಳು ಹಳೆಯ ಇಂಗ್ಲಿಷಿನವು; ಹಣಕಾಸಿನ ಬಿಲ್ಲಿಗೂ ಅವಕ್ಕೂ ಸಂಬಂಧವಿಲ್ಲ. ವಿಲಿಯಂ ಎಂಬ ಹೆಸರು ವಿಲ್ ಆಗಿ, ವಿಲ್ ಎಂಬುದು ಬಿಲ್ ಆದದ್ದು ಬೇರೆಯೇ ಕಥೆ. ನಮ್ಮ ಕನ್ನಡದ ಬಿಲ್ಲು ಅರ್ಜುನನ ಕೈಯಲ್ಲಿದ್ದದ್ದು. ಕಚೇರಿಯ ಜವಾನರ ಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯ ಬಿಲ್ಲೆಗೂ ಇಂಗ್ಲಿಷಿನ ಬಿಲ್ಲಿಗೂ ಧ್ವನಿಸಾಮ್ಯವೊಂದನ್ನೇ ನಂಬಿ ನೆಂಟಸ್ತಿಕೆ ಕಟ್ಟಲಾಗದು.

ವ್ಯಾಪಾರದ ಬಿಲ್ಲಿನ ಮೂಲವಿರುವುದು ಲ್ಯಾಟಿನಿನ ‘ಬುಲ್ಲಾ’ ಎಂಬ ಪದದಲ್ಲಿ. ಬುಲ್ಲಾ ಎಂದರೆ ಮೊದಲು ನೀರಿನ ಗುಳ್ಳೆ. ಗುಳ್ಳೆಯಂತೆ ಉಬ್ಬಿದ ದುಂಡನೆಯ ಗುಬುಟಿಗೂ, ರೋಮನ್ ಬಾಲಕರು ಕೊರಳಲ್ಲಿ ಧರಿಸುತ್ತಿದ್ದ ತಾಯಿತಕ್ಕೂ ಅದೇ ಹೆಸರಾಯಿತು. ಮಧ್ಯಯುಗದಲ್ಲಿ ದಸ್ತಾವೇಜಿಗೆ ದಾರದಿಂದ ಕಟ್ಟಿ ತೂಗುಬಿಡುತ್ತಿದ್ದ ದುಂಡನೆಯ ಸೀಸದ ಮೊಹರನ್ನು ಬುಲ್ಲಾ ಎಂದು ಕರೆದರು. ಕ್ರಮೇಣ ಮೊಹರಿನ ಹೆಸರು ದಸ್ತಾವೇಜಿಗೇ ಅಂಟಿಕೊಂಡಿತು. ಪೋಪರ ಶಾಸನಗಳಿಗೆ ಇಂದಿಗೂ ‘ಬುಲ್’ ಎಂಬ ಹೆಸರು ಇದೆ. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ 1356ರಲ್ಲಿ ಹೊರಡಿಸಿದ ಪ್ರಸಿದ್ಧ ಶಾಸನವು ತನಗಿದ್ದ ಬಂಗಾರದ ಮೊಹರಿನಿಂದಲೇ ‘ಗೋಲ್ಡನ್ ಬುಲ್’ ಎನಿಸಿತು. ಇಂಗ್ಲೆಂಡಿನ ಗುಮಾಸ್ತರ ಲ್ಯಾಟಿನಿನಲ್ಲಿ ಬುಲ್ಲಾ ‘ಬಿಲ್ಲಾ’ ಆಯಿತು, ಜನರ ಬಾಯಲ್ಲಿ ‘ಬಿಲ್’ ಆಯಿತು.

ಈ ವಂಶದಲ್ಲಿ ಬೇರೆ ಪರಿಚಿತರೂ ಇದ್ದಾರೆ. ವಾರ್ತೆಯ ‘ಬುಲೆಟಿನ್’ ಇಟಲಿಯ ಮಾರ್ಗವಾಗಿ ಬಂದ ದಾಯಾದಿ. ಸೈನಿಕರಿಗೆ ಮನೆಯಲ್ಲಿ ಇಳಿದುಕೊಳ್ಳಲು ಅವಕಾಶ ಕೊಡಬೇಕೆಂಬ ಚೀಟಿ ‘ಬಿಲೆಟ್’ ಆಗಿ, ಆಮೇಲೆ ಆ ವಸತಿಗೇ ಅದು ಹೆಸರಾಯಿತು. ಗುಳ್ಳೆಯೇಳುವ ಕ್ರಿಯೆಯಿಂದ ಕುದಿಯುವುದಕ್ಕೆ ‘ಬಾಯ್ಲ್’ ಎಂಬ ಪದ ಬಂತು. ಕರಗಿಸಿದ ಚಿನ್ನಬೆಳ್ಳಿಯನ್ನು ಸೂಚಿಸುವ ‘ಬುಲಿಯನ್’ ಸಹ ಫ್ರೆಂಚಿನ ಮೂಲಕ ಅದೇ ಕುದಿತದಿಂದ ಹುಟ್ಟಿದ್ದು. ಸರಾಫರ ಅಂಗಡಿಯ ಗಟ್ಟಿ ಚಿನ್ನವೂ ಕಿರಾಣಿ ಅಂಗಡಿಯ ಬಿಲ್ಲೂ ಒಂದೇ ನೀರಗುಳ್ಳೆಯ ಸಂತಾನವೆಂಬುದು ಸ್ವಾರಸ್ಯದ ಸಂಗತಿಯೇ ಸರಿ.

ಆದರೆ ಗಮನಿಸಬೇಕಾದ ಮುಖ್ಯಾಂಶ ಬೇರೆ. ಹುಟ್ಟಿನಲ್ಲಿ ಬಿಲ್ಲು ಎಂದರೆ ಬರಹವಲ್ಲ, ಬರಹದ ಮೇಲಿನ ಮೊಹರು. ಕಾಗದದ ಬೆಲೆ ನಿಂತದ್ದು ಅದರಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮಾತ್ರವಲ್ಲ, ಯಾರ ಮೊಹರು ಬಿದ್ದಿದೆ ಎಂಬುದರ ಮೇಲೆ. ಇಂದಿನ ಬಿಲ್ಲುಗಳನ್ನೂ ಇದೇ ಮಾನದಂಡದಿಂದ ಅಳೆಯಬಹುದು.

ಶಾಸನಸಭೆಯ ಬಿಲ್ಲಿನ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಪ್ರಜೆಗಳು ದೊರೆಗೆ ಸಲ್ಲಿಸುತ್ತಿದ್ದ ಅರ್ಜಿಯೇ ಇಂಗ್ಲೆಂಡಿನಲ್ಲಿ ಬಿಲ್ ಎನಿಸಿ, ಮುಂದೆ ಕಾಯಿದೆಯ ಕರಡಿಗೆ ಹೆಸರಾಯಿತು. ದೊರೆಯ ಅಂಕಿತ ಬೀಳುವ ತನಕ ಅದು ಬರೀ ಬಿಲ್ಲು. ಕನ್ನಡವು ಈ ಅರ್ಥಕ್ಕೆ ಮಾತ್ರ ಅರಬ್ಬಿ ಮೂಲದ ‘ಮಸೂದೆ’ಯನ್ನು ಉಳಿಸಿಕೊಂಡು ಗೊಂದಲದಿಂದ ಪಾರಾಗಿದೆ. ಆ ಅನುಕೂಲ ಇಂಗ್ಲಿಷಿಗಿಲ್ಲ. ಬಿಲ್ ಆಫ್ ಲೇಡಿಂಗ್ ಕುರಿತ 1856ರ ಹಳೆಯ ಕಾಯಿದೆಯ ಬದಲಿಗೆ ಹೊಸದನ್ನು ತರಲು ಕೇಂದ್ರ ಸರ್ಕಾರ ಮಂಡಿಸಿದ ಮಸೂದೆಯ ಹೆಸರು ‘ಬಿಲ್ಸ್ ಆಫ್ ಲೇಡಿಂಗ್ ಬಿಲ್, 2024’. ಅದು 2025ರಲ್ಲಿ ಕಾಯಿದೆಯಾಯಿತು.

ಗೋಡೆಗೆ ಅಂಟಿಸುವ ಭಿತ್ತಿಪತ್ರವೂ ಬಿಲ್ಲೇ. ನಮ್ಮ ಕಾಂಪೌಂಡುಗಳ ಮೇಲೆ ಕಾಣುವ ‘ಸ್ಟಿಕ್ ನೋ ಬಿಲ್ಸ್’ ಎಂಬ ಬರಹ ಹಣ ಬಾಕಿದಾರರನ್ನು ಕುರಿತದ್ದಲ್ಲ. ಅಮೆರಿಕದಲ್ಲಿ ನೋಟನ್ನೂ ಬಿಲ್ಲೆನ್ನುತ್ತಾರೆ; ಊಟದ ಬಿಲ್ಲಿಗೆ ಅಲ್ಲಿ ‘ಚೆಕ್’ ಎಂಬ ಹೆಸರು.

ವಾಣಿಜ್ಯ ಬಾಂಧವರು ಅಭಿಮಾನಪಡಬಹುದಾದ ಒಂದು ಬಿಲ್ಲಿನ ಪ್ರಸ್ತಾಪ ಮಾತ್ರ ಅಗತ್ಯ. ಲಂಡನ್ ನಗರದಲ್ಲಿ ಸತ್ತವರ ಸಂಖ್ಯೆಯನ್ನು ಕಾರಣಸಹಿತ ವಾರವಾರವೂ ಪ್ರಕಟಿಸುತ್ತಿದ್ದ ಪಟ್ಟಿಗಳಿಗೆ ‘ಬಿಲ್ಸ್ ಆಫ್ ಮಾರ್ಟಾಲಿಟಿ’ ಎಂದು ಹೆಸರಿತ್ತು. ಜಾನ್ ಗ್ರಾಂಟ್ ಎಂಬ ಜವಳಿ ಸಾಮಗ್ರಿಗಳ ವ್ಯಾಪಾರಿ, ಅಂಗಡಿಯ ಲೆಕ್ಕ ನೋಡುವ ಕಣ್ಣಿನಿಂದಲೇ ಆ ಪಟ್ಟಿಗಳನ್ನು ನೋಡಿ 1662ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಜನಸಂಖ್ಯಾಶಾಸ್ತ್ರದ ಅಡಿಗಲ್ಲೆಂದು ಇಂದು ಗಣಿಸಲಾಗುವುದು ಅದನ್ನೇ. ಅಂಕಿ-ಅಂಶಗಳ ಶಾಸ್ತ್ರ ವಿದ್ವಾಂಸರಿಗಷ್ಟೇ ಸೇರಿದ್ದೆಂದು ಹೇಳುವವರಿಗೆ ಈ ಅಂಗಡಿಕಾರರ ಹೆಸರನ್ನು ನೆನಪಿಸಬಹುದು.

ಈಗ ನಮ್ಮ ಗಲ್ಲಾಪೆಟ್ಟಿಗೆಗೆ ಬರೋಣ. ಮಾಲು ಮಾರಿದವನು ಬರೆದುಕೊಡುವ ಬಿಲ್ಲು, ಅಂದರೆ ಇನ್‌ವಾಯ್ಸ್ ಅಥವಾ ಸರಕುಪಟ್ಟಿ, ಮಾರಿದವನ ಹೇಳಿಕೆ. ಅದರ ಮೇಲಿರುವುದು ಮಾರಿದವನದೇ ಸಹಿ. ಇಷ್ಟು ಮಾಲು ಕೊಟ್ಟಿದ್ದೇನೆ, ಇಷ್ಟು ಹಣ ಬರಬೇಕು ಎಂದು ಅದು ಹೇಳುತ್ತದೆ. ಕೊಳ್ಳುವವನು ಒಪ್ಪಿದನೆಂದು ಅದು ತಾನಾಗಿ ಸಾಕ್ಷಿ ನುಡಿಯುವುದಿಲ್ಲ.

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 5ನೆಯ ಸೆಕ್ಷನ್ ವಿವರಿಸುವ ‘ಬಿಲ್ ಆಫ್ ಎಕ್ಸ್‌ಚೇಂಜ್’ ಬೇರೆ ಜಾತಿಯದು. ಇಂತಿಷ್ಟು ಹಣವನ್ನು ಇಂಥವರಿಗೆ ಕೊಡತಕ್ಕದ್ದೆಂದು ಒಬ್ಬನು ಇನ್ನೊಬ್ಬನಿಗೆ ಸಹಿ ಹಾಕಿ ನೀಡುವ, ಯಾವ ಷರತ್ತೂ ಇಲ್ಲದ ಲಿಖಿತ ಆಜ್ಞೆ ಅದು. ಇಲ್ಲಿಯೂ ಬರೆಯುವವನು ಮಾರಾಟಗಾರನೇ ಇರಬಹುದು. ಆದರೆ ಕೊಳ್ಳುವವನು ಅದರ ಮೇಲೆ ‘ಒಪ್ಪಿದೆ’ ಎಂದು ಸಹಿ ಮಾಡಿದ ಕ್ಷಣದಿಂದ ಅವನೇ ಬಾಧ್ಯಸ್ಥ. ಆ ಸಹಿ ಬಿದ್ದ ಕಾಗದವನ್ನು ಬ್ಯಾಂಕಿಗೆ ಒಯ್ದು, ವಾಯಿದೆಗೆ ಮುಂಚೆಯೇ ಬಡ್ಡಿ ಮುರಿದುಕೊಂಡು ಹಣ ಪಡೆಯಬಹುದು. ಇನ್ನೊಬ್ಬರಿಗೆ ಬರೆದುಕೊಟ್ಟು ಸಾಲ ತೀರಿಸಬಹುದು. ಸಹಿ ಬೀಳದಿದ್ದರೆ ಕೊಳ್ಳುವವನು ಆ ಬಿಲ್ಲಿನ ಮೇಲೆ ಹೊಣೆಗಾರನಲ್ಲ. ಎರಡಕ್ಕೂ ನಾವು ‘ಬಿಲ್ಲು’ ಎಂದೇ ಹೇಳುತ್ತೇವೆ. ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಎದುರು ಪಾರ್ಟಿಯ ಒಂದು ಸಹಿ.

ಈ ವ್ಯವಹಾರ ನಮಗೆ ಇಂಗ್ಲಿಷರು ಕಲಿಸಿದ್ದಲ್ಲ. ನೋಡಿದೊಡನೆ ಸಲ್ಲುವ ದರ್ಶನಿ ಹುಂಡಿ, ವಾಯಿದೆಯ ಮೇಲೆ ಸಲ್ಲುವ ಮುದ್ದತಿ ಹುಂಡಿ, ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ ಕೊಡಬೇಕಾದ ಜೋಖಮಿ ಹುಂಡಿ ಇವೆಲ್ಲ ನಮ್ಮ ಸಾಹುಕಾರರ ಕೈಯಲ್ಲಿ ಪಳಗಿದ್ದವು. 1881ರ ಕಾಯಿದೆಯೂ ದೇಶಭಾಷೆಗಳ ಇಂಥ ಪತ್ರಗಳ ವಿಷಯದಲ್ಲಿ ಸ್ಥಳೀಯ ರೂಢಿಯನ್ನು ಮೊದಲ ಸೆಕ್ಷನ್ನಿನಲ್ಲೇ ಕಾಪಾಡಿದೆ. ಇಂದು ಹುಂಡಿ ಎಂದೊಡನೆ ಕನ್ನಡಿಗರಿಗೆ ಹೊಳೆಯುವುದು ದೇವಸ್ಥಾನದ ಕಾಣಿಕೆ ಪೆಟ್ಟಿಗೆ. ಪದಗಳ ಅರ್ಥ ಜಾರುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲವಷ್ಟೇ.

ಚೆಕ್ಕು ಸಹ ಒಂದು ಬಿಲ್ಲೆಂಬುದನ್ನು ಹಲವರು ಗಮನಿಸಿರಲಾರರು. ನಿರ್ದಿಷ್ಟ ಬ್ಯಾಂಕಿನ ಮೇಲೆ ಬರೆದ, ಕೇಳಿದೊಡನೆ ಸಲ್ಲಬೇಕಾದ ಬಿಲ್ ಆಫ್ ಎಕ್ಸ್‌ಚೇಂಜೇ ಚೆಕ್ಕು ಎಂದು ಅದೇ ಕಾಯಿದೆಯ 6ನೆಯ ಸೆಕ್ಷನ್ ಹೇಳುತ್ತದೆ. ಆದರೆ ಅಮಾನ್ಯವಾದರೆ ಶಿಕ್ಷೆ ವಿಧಿಸುವ, 1988ರ ತಿದ್ದುಪಡಿಯಿಂದ ಬಂದ 138ನೆಯ ಸೆಕ್ಷನ್ ಅನ್ವಯಿಸುವುದು ಚೆಕ್ಕಿಗೆ ಮಾತ್ರ. ಮುದ್ದತಿ ಬಿಲ್ಲಿಗೆ ಸಹಿ ಹಾಕಿ ತಪ್ಪಿದವನ ಮೇಲೆ ಸಿವಿಲ್ ದಾವೆಯೇ ಗತಿ. ಮಾಲಿನ ಜೊತೆ ಮುಂದಿನ ತಾರೀಖಿನ ಚೆಕ್ಕು ಕೇಳುವ ಪದ್ಧತಿ ನಮ್ಮ ಪೇಟೆಗಳಲ್ಲಿ ಬೇರೂರಿರುವುದು ಈ ಕಾರಣಕ್ಕಾಗಿಯೇ ಇರಬೇಕು.

ರಫ್ತುದಾರರಿಗೆ ಇನ್ನೂ ಮೂರು ಬಿಲ್ಲುಗಳ ಸಹವಾಸ. ಮಂಗಳೂರಿನಿಂದ ಕಾಫಿ ಕಳುಹಿಸುವವರಿಗೆ ಹಡಗಿನವರು ಸಹಿ ಮಾಡಿಕೊಡುವ ಬಿಲ್ ಆಫ್ ಲೇಡಿಂಗ್ ಸರಕಿನ ರಸೀತಿಯೂ ಹೌದು, ಸಾಗಾಟದ ಕರಾರಿನ ಪುರಾವೆಯೂ ಹೌದು, ಒಡೆತನದ ಪತ್ರವೂ ಹೌದು. ಮೂಲ ಪ್ರತಿಯನ್ನು ಹಾಜರುಪಡಿಸಿದವರಿಗೆ ಆಚೆ ಬಂದರಿನಲ್ಲಿ ಸರಕು ಸಿಗುತ್ತದೆ. ಆದುದರಿಂದ ಹಣದ ಏರ್ಪಾಡಾಗದೆ ಅದನ್ನು ಕೊಳ್ಳುವವರ ಕೈಗೆ ಕೊಡುವುದೆಂದರೆ ಗೋದಾಮಿನ ಬೀಗದಕೈ ಕೊಟ್ಟಂತೆಯೇ. ಚೀಲ ಹರಿದಿದೆ, ಒದ್ದೆಯಾಗಿದೆ ಎಂಬ ಷರಾ ಇಲ್ಲದ ‘ಕ್ಲೀನ್’ ಬಿಲ್ಲನ್ನೇ ಲೆಟರ್ ಆಫ್ ಕ್ರೆಡಿಟ್ ಮೇಲೆ ಹಣ ಕೊಡುವ ಬ್ಯಾಂಕುಗಳು ಕೇಳುತ್ತವೆ. ‘ಶಿಪ್ಪಿಂಗ್ ಬಿಲ್’ ಹೆಸರು ಕೇಳಿ ಹಡಗಿನ ಬಾಡಿಗೆಯ ಲೆಕ್ಕವೆಂದು ತಿಳಿಯುವ ಹೊಸಬರುಂಟು. ಅದು 1962ರ ಕಸ್ಟಮ್ಸ್ ಕಾಯಿದೆಯಂತೆ ರಫ್ತುದಾರನೇ ಸಲ್ಲಿಸುವ ಘೋಷಣೆ. ಆಮದುದಾರನು ಸಲ್ಲಿಸುವ ಘೋಷಣೆ ‘ಬಿಲ್ ಆಫ್ ಎಂಟ್ರಿ’. ಇವೆರಡರಲ್ಲಿ ಯಾರೂ ಯಾರಿಂದಲೂ ಹಣ ಕೇಳುವುದಿಲ್ಲ, ಸುಂಕದ ಅಧಿಕಾರಿಯ ಅಪ್ಪಣೆಯನ್ನು ಕೇಳುತ್ತಾರೆ.

2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಬಿಲ್ಲಿನ ಕುಟುಂಬ ಮತ್ತಷ್ಟು ಬೆಳೆಯಿತು. ತೆರಿಗೆ ವಿನಾಯಿತಿಯ ಸರಕು ಮಾರುವವರೂ ರಾಜಿ ತೆರಿಗೆಗೆ, ಅಂದರೆ ಕಾಂಪೊಸಿಷನ್ ಯೋಜನೆಗೆ, ಒಳಪಟ್ಟವರೂ ಕೊಡಬೇಕಾದುದು ‘ಬಿಲ್ ಆಫ್ ಸಪ್ಲೈ’. ತೆರಿಗೆ ವಸೂಲು ಮಾಡುವವರು ಕೊಡಬೇಕಾದುದು ಟ್ಯಾಕ್ಸ್ ಇನ್‌ವಾಯ್ಸ್. ಗಿರಾಕಿಗೆ ಎರಡೂ ಬಿಲ್ಲೇ. ಆದರೆ ಮೊದಲನೆಯದನ್ನು ಹಿಡಿದು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲಾಗದು. 50,000 ರೂಪಾಯಿಗೆ ಮೀರಿದ ಸರಕಿನ ಸಾಗಾಟಕ್ಕೆ ಬೇಕಾದ ಇ-ವೇ ಬಿಲ್ಲನ್ನು ರಾಜ್ಯದೊಳಗಿನ ಸಾಗಾಟಕ್ಕೂ 2018ರ ಏಪ್ರಿಲ್ 1ರಿಂದಲೇ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ವ್ಯಾಟ್ ಕಾಲದ ಇ-ಸುಗಮ್ ನಮ್ಮವರಿಗೆ ಆ ಅಭ್ಯಾಸವನ್ನು ಆಗಲೇ ಮಾಡಿಸಿತ್ತು. ವಹಿವಾಟು 5 ಕೋಟಿ ರೂಪಾಯಿಗೆ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಕಡ್ಡಾಯವಾದ ಇ-ಇನ್‌ವಾಯ್ಸಿನಲ್ಲಿ ಪೋರ್ಟಲ್ ತನ್ನ ಡಿಜಿಟಲ್ ಸಹಿಯುಳ್ಳ ಕ್ಯೂಆರ್ ಕೋಡನ್ನು ಒತ್ತಿ ಕಳುಹಿಸುತ್ತದೆ. ಸೀಸದ ಬುಲ್ಲಾ ಚೌಕಾಕಾರದ ಚುಕ್ಕೆಗಳಾಗಿ ಮರಳಿ ಬಂದಿದೆ ಎನ್ನಬಹುದು.

ಇಂಥ ಯಾವ ಮೊಹರೂ ಇಲ್ಲದ ಬಿಲ್ಲುಗಳ ಲೋಕವೊಂದು ಪಕ್ಕದಲ್ಲಿಯೇ ಇದೆ. ಪೇಟೆಯಲ್ಲಿ ಅದಕ್ಕೆ ‘ಕಚ್ಚಾ ಬಿಲ್ಲು’ ಎನ್ನುತ್ತಾರೆ, ಕೃಷಿ ಮಾರುಕಟ್ಟೆಯಲ್ಲಿ ‘ಬಿಳಿ ಚೀಟಿ’ ಎನ್ನುತ್ತಾರೆ. ತೆರಿಗೆ ಉಳಿಸಿದೆನೆಂಬ ಸಂತೋಷ ಒಂದು ಕಡೆಯವರಿಗೆ ಇರಬಹುದು. ಹಣ ಬಾರದಿದ್ದಾಗ ಆ ಚೀಟಿಯನ್ನು ಹಿಡಿದು ನ್ಯಾಯ ಕೇಳಹೊರಟ ರೈತನ ಪಾಡು ಮಾತ್ರ ಬಹಳ ಕಷ್ಟದ್ದು.

ಪಕ್ಕಾ ಬಿಲ್ಲು ಇದ್ದವರ ಕಷ್ಟವೂ ಇಲ್ಲದಿಲ್ಲ. ಪೀಣ್ಯದಲ್ಲಿ ಬಿಡಿಭಾಗ ಮಾಡಿ ದೊಡ್ಡ ಕಾರ್ಖಾನೆಗೆ ಕೊಡುವ ಸಣ್ಣ ಘಟಕದ ಕಪಾಟಿನಲ್ಲಿ ಬಿಲ್ಲುಗಳ ಕಟ್ಟೇ ಇರಬಹುದು. ಎಲ್ಲದರ ಮೇಲೂ ಅವರದೇ ಸಹಿ. ಈ ಕೊರತೆಯನ್ನು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ಸ್ವಲ್ಪಮಟ್ಟಿಗೆ ತುಂಬಿದೆ. ಮಾಲು ತಲುಪಿದ 15 ದಿನಗಳೊಳಗೆ ಕೊಳ್ಳುವವರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಮಾಲನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಒಪ್ಪಂದವೇನೇ ಇರಲಿ, ಒಪ್ಪಿಗೆಯ ದಿನದಿಂದ 45 ದಿನಗಳಿಗೆ ಮೀರಿ ಹಣವನ್ನು ತಡೆಹಿಡಿಯುವಂತಿಲ್ಲ. ತಡೆಹಿಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ ತೆರಬೇಕು. ಇದರ ಪ್ರಯೋಜನ ಕಿರು ಮತ್ತು ಸಣ್ಣ ಪ್ರಮಾಣದ ಉತ್ಪಾದಕರಿಗೆ ಹಾಗೂ ಸೇವಾದಾರರಿಗೆ. 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಪಡೆದ ಕೇವಲ ವರ್ತಕರಿಗೆ ಆದ್ಯತಾ ಸಾಲದ ಸೌಲಭ್ಯವನ್ನಷ್ಟೇ ಕೊಡಲಾಯಿತು.

ಇನ್ನೊಂದು ದಾರಿ, ರಿಸರ್ವ್ ಬ್ಯಾಂಕು 2014ರಲ್ಲಿ ಮಾರ್ಗಸೂಚಿ ಹೊರಡಿಸಿದ ‘ಟ್ರೆಡ್ಸ್’ ವ್ಯವಸ್ಥೆ. ಸಣ್ಣ ಉದ್ಯಮಿ ತನ್ನ ಬಿಲ್ಲನ್ನು ಅಲ್ಲಿ ಏರಿಸುತ್ತಾನೆ, ಕೊಂಡ ಸಂಸ್ಥೆ ಅಲ್ಲಿಯೇ ಒಪ್ಪಿಗೆ ಸೂಚಿಸುತ್ತದೆ, ಬ್ಯಾಂಕುಗಳು ಆ ಬಿಲ್ಲಿಗೆ ಹರಾಜು ಕೂಗುತ್ತವೆ. ಹಣ ಉದ್ಯಮಿಯ ಖಾತೆಗೆ ಬಂದ ಮೇಲೆ ಕೊಂಡವರು ಬ್ಯಾಂಕಿಗೆ ಬಾಕಿ ನಿಲ್ಲಿಸಿದರೂ ಬ್ಯಾಂಕು ಉದ್ಯಮಿಯ ಕಡೆಗೆ ತಿರುಗುವಂತಿಲ್ಲ. ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿಗೆ ಮೀರಿದ ಕಂಪನಿಗಳೂ ಕೇಂದ್ರ ಸರ್ಕಾರದ ಉದ್ದಿಮೆಗಳೂ 2025ರ ಮಾರ್ಚ್ 31ರೊಳಗೆ ಇದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಆದೇಶಿಸಿತು. ನೋಂದಣಿ ಮಾತ್ರ ಕಡ್ಡಾಯ. ಪ್ರತಿಯೊಂದು ಬಿಲ್ಲಿಗೂ ಅಲ್ಲಿ ಒಪ್ಪಿಗೆ ಒತ್ತುವ ಕೆಲಸ ಇಂದಿಗೂ ಕೊಂಡವರ ಕೈಯಲ್ಲೇ ಇದೆ. ಮುಂದಿನ ಆರ್ಡರಿಗೆ ದರ ಕುದುರಿಸುವಾಗಲೇ ಆ ಒಪ್ಪಿಗೆಯನ್ನು ಎಷ್ಟು ದಿನಗಳೊಳಗೆ ಕೊಡುತ್ತೀರೆಂದು ಬರಹದಲ್ಲಿ ಕೇಳಿ ಪಡೆಯಲು ಸದಸ್ಯರಿಗೆ ಯಾವ ಅಡ್ಡಿಯೂ ಇಲ್ಲ.